ಕೆಳಗೆ ವಸಂತ, ಮೇಲೆ ಹಿಮ



ಸ್ವಿಟ್ಜರ್ಲೆಂಡ್ ಮತ್ತು ಇಟಲಿ ದೇಶಗಳ ನಡುವೆ, ಆಲ್ಪ್ಸ್ ಪರ್ವತಗಳಲ್ಲಿ, 2,469 ಮೀಟರ್ ಎತ್ತರದ ಒಂದು ಕಣಿವೆದಾರಿಯಿದೆ. ಅದರ ಹೆಸರು ಗ್ರೇಟ್ ಸೇಂಟ್ ಬರ್ನಾರ್ಡ್. ಮೇ ತಿಂಗಳಲ್ಲಿ ಕೆಳಗಿನ ಊರುಗಳಲ್ಲಿ ಹುಲ್ಲು ಚಿಗುರಿ ಹೂ ಅರಳಿರುತ್ತದೆ. ಮೇಲೆ ಮಾತ್ರ ಇನ್ನೂ ಹಿಮ. ರಸ್ತೆ ತೆರೆಯುವುದು ಸಾಮಾನ್ಯವಾಗಿ ಜೂನ್ ಹೊತ್ತಿಗೆ. ಅಲ್ಲಿಯವರೆಗೆ ಸ್ಕೀ ಕಟ್ಟಿಕೊಂಡೋ ನಡೆದೋ ಹತ್ತಬೇಕು.

ಈ ವಸಂತದ ಹಿಮ ನಂಬಿಸಿ ಕೈಕೊಡುತ್ತದೆ. ಮುಂಜಾನೆ ಕಲ್ಲಿನಂತೆ ಗಟ್ಟಿ. ಬಿಸಿಲೇರಿದಂತೆ ನೀರೂರಿ ಸಡಿಲವಾಗುತ್ತದೆ. ಕಾಲು ಹೂತುಹೋಗುತ್ತದೆ, ಇಳಿಜಾರಿನ ಹಿಮರಾಶಿ ಒಮ್ಮೆಲೇ ಕುಸಿಯಬಹುದು. ಆದುದರಿಂದ ತಿಳಿದವರು ನಸುಕಿನಲ್ಲೇ ಹೊರಟು, ಬಿಸಿಲು ಬಲಿಯುವ ಮೊದಲೇ ಮೇಲೆ ತಲುಪುತ್ತಾರೆ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ನನ ಸುಮಾರು 40,000 ಸೈನಿಕರು, ಕೊರೆದ ಮರದ ದಿಮ್ಮಿಗಳಲ್ಲಿ ಫಿರಂಗಿಗಳನ್ನಿಟ್ಟು ಎಳೆಯುತ್ತಾ ಇದೇ ದಾರಿಯನ್ನು ದಾಟಿದರು.

ಸುಮಾರು 1050ರಲ್ಲಿ ಸಂತ ಬರ್ನಾರ್ಡರು ಇಲ್ಲಿ ಪ್ರಯಾಣಿಕರಿಗಾಗಿ ಧರ್ಮಛತ್ರವೊಂದನ್ನು ಸ್ಥಾಪಿಸಿದರು. ಸಂತ ಅಗಸ್ಟೀನರ ನಿಯಮವನ್ನು ಪಾಲಿಸುವ ಗುರುಗಳು ಇಂದಿಗೂ ಅದನ್ನು ನಡೆಸುತ್ತಿದ್ದಾರೆ. ಸ್ವತಃ ಪರ್ವತಾರೋಹಿಯಾಗಿದ್ದ ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು 1923ರಲ್ಲಿ ಈ ಸಂತರನ್ನು ಪರ್ವತಾರೋಹಿಗಳ ಪಾಲಕರೆಂದು ಘೋಷಿಸಿದರು.

ಆ ಛತ್ರದ ಬಾಗಿಲಿಗೆ ಬೀಗ ಹಾಕುವ ವಾಡಿಕೆಯಿಲ್ಲ. ಆದರೆ ಬಾಗಿಲು ತೆರೆದಿಟ್ಟರೆ ಸಾಕೆಂದು ಅಲ್ಲಿನ ಗುರುಗಳು ಎಣಿಸಲಿಲ್ಲ. ಹಿಮದಲ್ಲಿ ಹೂತವನು ಬಾಗಿಲವರೆಗೆ ಬರಲಾರ. ಆದ್ದರಿಂದಲೇ ಅವರು ಹಿಂದಿನ ಕಾಲದಲ್ಲಿ ರೊಟ್ಟಿ, ದ್ರಾಕ್ಷಾರಸ ಹಿಡಿದು, ನಾಯಿಗಳೊಡನೆ ದಾರಿಗರನ್ನು ಹುಡುಕುತ್ತಾ ಹೊರಡುತ್ತಿದ್ದರು. ಬ್ಯಾರಿ ಎಂಬ ನಾಯಿ 40ಕ್ಕೂ ಹೆಚ್ಚು ಜನರ ಪ್ರಾಣ ಉಳಿಸಿತೆಂದು ಹೇಳುತ್ತಾರೆ.

ಪ್ರಿಯರೇ, ನಮ್ಮ ಕುಟುಂಬಗಳಲ್ಲೂ ಹೀಗೆಯೇ ಅಲ್ಲವೇ? ಒಂದು ಮನೆಯಲ್ಲಿ ಸಾವು ಸಂಭವಿಸಿದಾಗ ನೆಂಟರು, ನೆರೆಯವರು ಎಲ್ಲರೂ ಧಾವಿಸುತ್ತಾರೆ. ಮೂವತ್ತನೆಯ ದಿನದ ಪೂಜೆ, ಊಟ ಮುಗಿಯಿತೆಂದರೆ ಚಳಿಗಾಲ ಮುಗಿಯಿತೆಂದು ನಾವು ಭಾವಿಸುತ್ತೇವೆ. "ಏನಾದರೂ ಬೇಕಿದ್ದರೆ ಹೇಳಮ್ಮ" ಎಂದು ಹೊರಡುತ್ತೇವೆ. ನಮ್ಮ ಕಣಿವೆಯಲ್ಲಿ ಹೂ ಅರಳಿದೆ. ಆ ತಾಯಿಯ ಎದೆಯಲ್ಲಿ ಹಿಮ ಕರಗಿಲ್ಲ. ಗಟ್ಟಿಯಾಗಿ ನಿಂತಂತೆ ಕಂಡವಳು ಕುಸಿಯುವುದು ಎಷ್ಟೋ ಸಲ ಆಮೇಲೆಯೇ. ಬೇಕಾದುದನ್ನು ಕೇಳಲು ಆಗ ಆಕೆಗೆ ದನಿಯೂ ಇರುವುದಿಲ್ಲ.

ಯೇಸುಸ್ವಾಮಿ ಹೇಳಿದ ಕುರುಬನು ಹಟ್ಟಿಯ ಬಾಗಿಲು ತೆರೆದಿಟ್ಟು ಕಾಯುತ್ತಾ ಕೂರಲಿಲ್ಲ. 99 ಕುರಿಗಳನ್ನು ಬಿಟ್ಟು, ತಪ್ಪಿಸಿಕೊಂಡ ಒಂದನ್ನು ಹುಡುಕಿ ಹೊರಟನು.

ಕಳೆದ ವರ್ಷ ಸಾವಾದ ಒಂದು ಮನೆಯನ್ನು ನೆನಪಿಸಿಕೊಳ್ಳಿರಿ. ಈ ಭಾನುವಾರ ಪೂಜೆ ಮುಗಿದ ಮೇಲೆ ಆ ಮನೆಗೆ ಹೋಗಿರಿ. ಉಪದೇಶ ಬೇಡ. ಅಗಲಿದವರ ಹೆಸರೆತ್ತಿ ಮಾತನಾಡಿ, ಒಂದು ಲೋಟ ಕಾಫಿ ಕುಡಿದು ಬನ್ನಿರಿ.