ಹೆಸರಿಲ್ಲದ ಋಣ

ದಾನವೆಂಬ ಮಾತನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಕೊಡುವವನಿಗೆ ತಾನು ಕೊಡುತ್ತಿದ್ದೇನೆಂಬ ಅರಿವಿಲ್ಲದಿದ್ದರೆ ಅದು ದಾನವಾಗುವುದಾದರೂ ಹೇಗೆ? ನಮ್ಮ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹರಕೆ ಹೊತ್ತು ಬಂದು ಮೇಣದಬತ್ತಿ ಹಚ್ಚುವವರು ಏನನ್ನು, ಯಾರಿಗಾಗಿ ಅರ್ಪಿಸುತ್ತಿದ್ದೇವೆಂದು ಬಲ್ಲರು. ತಮ್ಮ ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದುಕೊಡುವವರೂ ಬಲ್ಲರು. ಆ ಅರಿವಿಲ್ಲದೆಯೇ ಕೊಟ್ಟುಹೋದ ಇಬ್ಬರು ಹುಡುಗಿಯರ ವಿಚಾರ ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿದೆ.

ನನ್ನಲ್ಲಿ ಕನ್ನಡ ಓದಿ, ಈಗ ಬೆಂಗಳೂರಿನಲ್ಲಿ ಡಾಕ್ಟರೇಟಿಗಾಗಿ ದುಡಿಯುತ್ತಿರುವ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಮನೆಗೆ ಬಂದಿದ್ದಳು. ಅವಳ ವಿಷಯ ಮೂಳೆಯ ಕ್ಯಾನ್ಸರು. ಹದಿಹರೆಯದಲ್ಲಿ, ಮೈ ಬೆಳೆಯುವ ಭರದಲ್ಲಿರುವಾಗ, ಹೆಚ್ಚಾಗಿ ಮೊಣಕಾಲಿನ ಬಳಿ ಹುಟ್ಟುವ ರೋಗ. 1970ರ ದಶಕದಲ್ಲಿ ಹೊಸ ಔಷಧಗಳು ಬಂದು ಬದುಕುಳಿಯುವವರು ಹೆಚ್ಚಿದರು. ಆಮೇಲಿನ ನಾಲ್ಕು ದಶಕಗಳಲ್ಲಿ ಪ್ರಗತಿ ಬಹುಮಟ್ಟಿಗೆ ಅಲ್ಲಿಯೇ ನಿಂತಿತು. ಮೈಯ ರೋಗನಿರೋಧಕ ಶಕ್ತಿಯನ್ನೇ ಎಚ್ಚರಿಸಿ ಗಡ್ಡೆಯ ಮೇಲೆ ಬಿಡಬಹುದೆ ಎಂಬುದು ಇವರ ಹುಡುಕಾಟ. ಕ್ಯಾನ್ಸರಿನ ಜೀವಕೋಶ ಪರಕೀಯವಲ್ಲ, ನಮ್ಮ ಮೈಯಲ್ಲೇ ಹುಟ್ಟಿದ್ದು. ಕಾವಲುಗಾರನಿಗೆ ಅದರ ಗುರುತು ಹತ್ತುವುದು ಕಷ್ಟ, ಹತ್ತಿದರೂ ಗಡ್ಡೆ ಅವನ ಕೈ ಕಟ್ಟಿಹಾಕುತ್ತದೆ. ಆ ಕಟ್ಟನ್ನು ಬಿಚ್ಚುವ ದಾರಿ ತೋರಿಸಿದ ಆಲಿಸನ್ ಮತ್ತು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆದರೆ ಅಂಥದೊಂದು ಔಷಧವನ್ನು ಅಮೆರಿಕದಲ್ಲಿ ಈ ರೋಗದ 22 ಮಂದಿಗೆ ಕೊಟ್ಟು ನೋಡಿದಾಗ, 2017ರ ವರದಿಯಂತೆ, ಗಡ್ಡೆ ಕುಗ್ಗಿದ್ದು ಒಬ್ಬರಲ್ಲಿ ಮಾತ್ರ.

ಆದ್ದರಿಂದ ಮತ್ತೆ ಪ್ರಯೋಗಶಾಲೆಯ ತಟ್ಟೆಗೇ ಮರಳಬೇಕು. ಅದರಲ್ಲಿ ಕ್ಯಾನ್ಸರ್ ಕೋಶಗಳನ್ನು ಬೆಳೆಸಿ, ಮೇಲೆ ರಕ್ಷಕ ಕೋಶಗಳನ್ನು ಬಿಟ್ಟು, ಕೊಲ್ಲುತ್ತವೆಯೇ ಎಂದು ನೋಡುವುದು.

“ಆ ಕೋಶಗಳು ಯಾರದ್ದು?” ಎಂದು ಕೇಳಿದೆ.

“ಯಾರದ್ದು ಅಂತ ಇಲ್ಲ ಸರ್, ಅದಕ್ಕೆ ನಂಬರು ಉಂಟು.”

ಒಂದರ ಹೆಸರು ಯು-2 ಓಎಸ್. 1964ರಲ್ಲಿ 15 ವರ್ಷದ ಹುಡುಗಿಯೊಬ್ಬಳ ಕಣಕಾಲಿನ ಎಲುಬಿನ ಗಡ್ಡೆಯಿಂದ ಬೆಳೆಸಿದ್ದು. ಇನ್ನೊಂದು ಸಾವೋಸ್-2, 1973ರದು, ಆ ಮಗುವಿಗೆ 11 ವರ್ಷ. ವಯಸ್ಸು ದಾಖಲೆಯಲ್ಲಿದೆ, ಹೆಸರಿಲ್ಲ. ಆ ಕೋಶಗಳು ಮಾತ್ರ ಲೋಕದ ನಾನಾ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಲೇ ಇವೆ.

ಇದನ್ನು ಏನೆಂದು ಕರೆಯೋಣ? ಕಳವು ಎಂದರೆ ಅತಿಯಾದೀತು. ಹೇಗೂ ಕತ್ತರಿಸಿ ಎಸೆಯುವ ಗಡ್ಡೆ. ಬೇಡವಾದದ್ದನ್ನು ಎತ್ತಿಕೊಂಡರೆ ಋಣವೆಲ್ಲಿಯದು ಎಂದು ವಿಜ್ಞಾನದ ಅಧ್ಯಾಪಕರಾದ ನನ್ನ ಮಿತ್ರರು ವಾದಿಸಿದರು. ಕ್ಷೌರದಂಗಡಿಯಲ್ಲಿ ಬಿದ್ದ ಕೂದಲಿನ ಲೆಕ್ಕವನ್ನು ನಾನೂ ಕೇಳುವುದಿಲ್ಲ. ಆದರೆ ಕೂದಲು ಯಾರನ್ನೂ ನೋಯಿಸಿರಲಿಲ್ಲ. ಇಲ್ಲಿ ನೋವು ಅವರದು, ಅರಿವು ನಮ್ಮದು. ಉಳಿದ ತುಂಡಿಗೂ ಒಪ್ಪಿಗೆ ಕೇಳಬೇಕೆಂಬ ರೂಢಿ ಬೇರೂರಿದ್ದು ಬಹಳ ತಡವಾಗಿ.

ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಎಣಿಸಿದರು. ಮೂರೂ ದೊಡ್ಡವರಿಗೆ ಸಲ್ಲಬೇಕಾದವು. ಹನ್ನೊಂದು ವರ್ಷದ ಮಗುವಿಗೆ ಲೋಕವೇ ಸಾಲಗಾರನಾಗುವ ಲೆಕ್ಕ ಅಲ್ಲಿಲ್ಲ. ಆದರೂ ಋಷಿಋಣ ತೀರುವುದು ಓದಿನಿಂದ, ಪಿತೃಋಣ ಮಕ್ಕಳಿಂದ; ಪಡೆದದ್ದನ್ನು ಮುಂದಿನವರಿಗೆ ದಾಟಿಸುವುದೇ ತೀರಿಕೆ. ಹಾಗಾದರೆ ಈ ಋಣ ಇನ್ನೊಂದು ಮಗು ಗುಣವಾದರೆ ಮಾತ್ರ ತೀರುತ್ತದೆಯೆ? ಸಂಶೋಧನೆ ಸೋತರೆ?

ಇದು ಬರಿಯ ತರ್ಕದ ಪ್ರಶ್ನೆಯಾಗಿರಲಿಲ್ಲ. ಅವಳ ಒಂದಿಡೀ ವರ್ಷದ ಪ್ರಯೋಗದಲ್ಲಿ ರಕ್ಷಕ ಕೋಶಗಳು ಏನೂ ಮಾಡಲಿಲ್ಲವಂತೆ. ಅದನ್ನು ಪ್ರಬಂಧದಲ್ಲಿ ಬರೆಯುವುದು ಬೇಡ, ಫಲ ಸಿಕ್ಕಿದ್ದನ್ನಷ್ಟೇ ಬರೆ ಎಂದು ಹಿತೈಷಿಗಳ ಸಲಹೆ. ಗೆದ್ದೇ ತೀರಬೇಕೆಂದು ಆ ಹುಡುಗಿಯರ ಪರವಾಗಿ ಯಾರೂ ಕೇಳಲಾರರು. ಲೆಕ್ಕ ಒಪ್ಪಿಸೆಂದು ಕೇಳಬಹುದು. ಸೋತದ್ದನ್ನು ಮುಚ್ಚಿಟ್ಟರೆ ಇನ್ನೆಲ್ಲೋ ಇನ್ನೊಬ್ಬರು ಅದೇ ತಟ್ಟೆಯಲ್ಲಿ ಅದೇ ಒಂದು ವರ್ಷವನ್ನು ಕಳೆಯುತ್ತಾರೆ. ಕಾಯಿಲೆಯ ಮಗುವಿಗೆ ಒಂದು ವರ್ಷವೆಂದರೆ ಸಣ್ಣದೆ?

“ಬರೆದರೆ ಒಂದು ಅಧ್ಯಾಯವೇ ಹೆಚ್ಚಾಗ್ತದೆ ಸರ್, ಪದವಿಯೂ ತಡವಾದೀತು,” ಎಂದಳು.

ತಡವಾಗಲಿ, ಬರೆ ಎಂದೆ.