ಗೆದ್ದವರು ಯಾರು?

ಕಾಪು ತಾಲೂಕಿನ ಕಟಪಾಡಿಯಲ್ಲಾಗಲಿ, ಕಾರ್ಕಳದ ಮಿಯಾರಿನ ಲವ–ಕುಶ ಜೋಡುಕರೆಯಲ್ಲಾಗಲಿ, ಕಂಬಳದ ಕೋಣಗಳು ಕೆಸರಿನ ಕರೆ ಮುಗಿಸಿ ಮಂಜೊಟ್ಟಿ ಏರಿದ ಮೇಲೆ ಮೈಕಿನಲ್ಲಿ ಮೊದಲು ಬರುವುದು ಯಜಮಾನರ ಹೆಸರು. ಓಡಿಸಿದವರ ಹೆಸರು ಆಮೇಲೆ. ಹಾಗಾದರೆ ಗೆದ್ದವರು ಯಾರು?

2020ರಲ್ಲಿ ಐಕಳದ ಕರೆಯಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಜಗತ್ತೇ ಅವರನ್ನು ಉಸೇನ್ ಬೋಲ್ಟ್ ಪಕ್ಕದಲ್ಲಿ ನಿಲ್ಲಿಸಿತು. ಅವರು ಮಾತ್ರ ಶ್ರೇಯಸ್ಸಿನಲ್ಲಿ ಕೋಣಗಳಿಗೂ ಪಾಲು ಕೊಟ್ಟರು. ಹಗ್ಗ ಹಿಡಿದು ಓಡುವವನಿಗೆ ತನ್ನ ವೇಗ ಎಲ್ಲಿಂದ ಬಂತೆಂದು ಗೊತ್ತಿರುತ್ತದೆ.

ಗೆದ್ದವರು ಯಾರೆಂಬ ಪ್ರಶ್ನೆಗೆ ಉಡುಪಿಯಲ್ಲಿ ಏಳು ಶತಮಾನಕ್ಕಿಂತ ಹಳೆಯ ಉತ್ತರವಿದೆ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ತತ್ತ್ವವನ್ನೇ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದರು. ಜೀವನು ಕರ್ತೃವೇ, ಅಲ್ಲದಿದ್ದರೆ ಶಾಸ್ತ್ರದ ವಿಧಿ–ನಿಷೇಧಗಳಿಗೆ ಅರ್ಥವೇ ಇಲ್ಲ. ಆದರೆ ಆ ಕರ್ತೃತ್ವ ಹರಿಯ ಅಧೀನ. ಹರಿಯಾದರೂ ಜೀವನ ಯೋಗ್ಯತೆ, ಕರ್ಮ, ಪ್ರಯತ್ನಗಳನ್ನು ನೋಡಿಯೇ ಫಲ ಕೊಡುತ್ತಾನೆ. ಹಾಗಾಗಿ ಅಧೀನತೆಯ ನೆಪ ಹೇಳಿ ಕೈಕಟ್ಟಿ ಕೂರುವಂತಿಲ್ಲ.

ಮನುಷ್ಯರ ನಡುವೆಯೂ ಅಧೀನತೆಯಿದೆ. ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ‘ಫಾರ್ಮುಲಾ ಮಣಿಪಾಲ್’ ತಂಡ ತಾನೇ ರೇಸ್ ಕಾರು ಕಟ್ಟುತ್ತದೆ. ಚಾಲಕ ಒಬ್ಬ, ಅವನ ಹಿಂದೆ ಹತ್ತಾರು ಕೈಗಳು. ಫಾರ್ಮುಲಾ ಒನ್‌ನಲ್ಲಂತೂ ಈ ಅವಲಂಬನೆ ಕ್ಷಣಗಳ ಲೆಕ್ಕಕ್ಕಿಳಿದಿದೆ: 2023ರ ಕತಾರ್ ರೇಸಿನಲ್ಲಿ ಮೆಕ್ಲಾರೆನ್ ಸಿಬ್ಬಂದಿ ಲ್ಯಾಂಡೊ ನಾರಿಸ್‌ನ ಕಾರಿನ ನಾಲ್ಕೂ ಟೈರುಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿದರು. 2016ರ ಮೊನಾಕೊದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಮುಂದಿದ್ದ ಡೇನಿಯಲ್ ರಿಕಾರ್ಡೊ ಟೈರು ಬದಲಿಸಲು ಪಿಟ್‌ಗೆ ಬಂದರೆ ಟೈರುಗಳೇ ಸಿದ್ಧವಿರಲಿಲ್ಲ. ಅಷ್ಟರಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮುಂದೆ ಹೋದ. ಆ ಕಿರಿದಾದ ಬೀದಿಗಳಲ್ಲಿ ಕಳೆದುಕೊಂಡ ಸ್ಥಾನ ಮತ್ತೆ ಸಿಗುವುದು ದುರ್ಲಭ, ರಿಕಾರ್ಡೊಗೂ ಸಿಗಲಿಲ್ಲ.

2021ರ ಅಬುಧಾಬಿಯದು ಇನ್ನೂ ಕಠಿಣ ಪ್ರಸಂಗ. 58 ಸುತ್ತುಗಳ ರೇಸಿನಲ್ಲಿ ಐದಾರು ಸುತ್ತು ಉಳಿದಿದ್ದಾಗ ಹಿಂದಿನ ಕಾರೊಂದು ಗೋಡೆಗೆ ಬಡಿದು, ಎಲ್ಲರನ್ನೂ ನಿಧಾನಗೊಳಿಸುವ ಸೇಫ್ಟಿ ಕಾರ್ ಬಂತು. ಮುಂದಿದ್ದ ಹ್ಯಾಮಿಲ್ಟನ್ ಪಿಟ್‌ಗೆ ಹೋದರೆ ಮೊದಲ ಸ್ಥಾನ ಮ್ಯಾಕ್ಸ್ ವರ್ಸ್ಟಾಪನ್‌ಗೆ ಸಿಗುವ ಭಯ. ಸ್ಥಾನ ಉಳಿಸಿಕೊಂಡರೆ ಸವೆದ ಟೈರುಗಳೇ ಗತಿ. ಅವನು ಸ್ಥಾನ ಉಳಿಸಿಕೊಂಡ. ವರ್ಸ್ಟಾಪನ್ ಹೊಸ ಟೈರು ಹಾಕಿಸಿಕೊಂಡ. ರೇಸಿನ ನಿರ್ದೇಶಕರು ಸೇಫ್ಟಿ ಕಾರ್ ನಿಯಮವನ್ನು ಬೇರೆಯದೇ ರೀತಿಯಲ್ಲಿ ಅನ್ವಯಿಸಿ ಕೊನೆಯ ಒಂದೇ ಸುತ್ತಿಗೆ ರೇಸ್ ಬಿಟ್ಟರು; ವರ್ಸ್ಟಾಪನ್ ಮುಂದೆ ಹೋದ, ವಿಶ್ವ ಚಾಂಪಿಯನ್ ಪಟ್ಟ ಕೈಬದಲಾಯಿತು. ಅದು ಮಾನವ ದೋಷವೆಂದು ರೇಸಿನ ನಿಯಂತ್ರಣ ಸಂಸ್ಥೆ ಎಫ್‌ಐಎ ಆಮೇಲೆ ಒಪ್ಪಿತು.

ಇಂಥದ್ದನ್ನೆಲ್ಲ ಹಣೆಬರಹ ಎಂದು ಕೈತೊಳೆದುಕೊಳ್ಳುವುದು ಮಧ್ವರ ಮಾತಿಗೂ ಅಪಚಾರ. ರೇಸಿನ ನಿರ್ದೇಶಕ ಹರಿಯಲ್ಲ, ಅವನೂ ಅಸ್ವತಂತ್ರನೇ. ದೇವರ ಅಧೀನತೆಗೆ ಶರಣಾಗತಿ ಸಲ್ಲುತ್ತದೆ. ಮನುಷ್ಯರ ಅಧೀನತೆಗೆ ಸಲ್ಲುವುದು ಲೆಕ್ಕ ಕೇಳುವ ಹಕ್ಕು. ಇವೆರಡನ್ನೂ ಒಂದು ಮಾಡಿದರೆ ತಪ್ಪು ಮಾಡಿದವರೆಲ್ಲ ದೇವರ ಬೆನ್ನ ಹಿಂದೆ ಅಡಗಿಕೊಳ್ಳುತ್ತಾರೆ.

ಕಂಬಳದಲ್ಲಿ ಈ ಲೆಕ್ಕ ಇನ್ನೂ ದೊಡ್ಡದು. ಮಧ್ವರ ಪಂಚಭೇದದಲ್ಲಿ ಜೀವ ಬೇರೆ, ಜಡ ಬೇರೆ. ಟೈರು ಜಡ, ಸವೆದರೆ ಬದಲಿಸಬಹುದು. ಕೋಣ ಜೀವ, ಅದಕ್ಕೆ ನೋವಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳಕ್ಕೆ ತಡೆ ಬಿದ್ದದ್ದು ಈ ನೋವಿನ ಪ್ರಶ್ನೆಯಿಂದಲೇ. ಕಂಬಳಕ್ಕೆ ಮತ್ತೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು 2023ರ ಮೇ 18ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ ಎತ್ತಿಹಿಡಿದಿದೆ. ಆ ಅನುಮತಿ ಕರಾವಳಿಯ ಮೇಲಿಟ್ಟ ವಿಶ್ವಾಸ. ಗೆಲುವಿನಲ್ಲಿ ಪಾಲಿರುವ ಜೀವದ ಬೆನ್ನಿಗೆ ಬೀಳುವ ಅನಗತ್ಯ ಏಟನ್ನು ಯಜಮಾನರು, ಓಡಿಸುವವರು, ಸಮಿತಿಯವರು ಕರೆಯಲ್ಲೇ ತಡೆಯಬೇಕು. ನೋಡಲು ಬಂದವರೂ ಅದನ್ನು ಕೇಳಬೇಕು.