ಲಾರಿಗೆ ನಾಯಿ ತರುವ ಮುನ್ನ ನಿಮ್ಮ ದಿನಚರಿ ನೋಡಿಕೊಳ್ಳಿ

ನಮ್ಮಲ್ಲಿ ದೂರದೂರಿಗೆ ಹೊರಟ ಲಾರಿಯಲ್ಲಿ ಡ್ರೈವರ್ ಜೊತೆ ಕ್ಲೀನರ್ ಇರುವುದು ವಾಡಿಕೆ. ಊಟಕ್ಕೆ, ಮಾತಿಗೆ, ತೂಕಡಿಸಿದಾಗ ಎಚ್ಚರಿಸುವುದಕ್ಕೆ ಒಂದು ಜೀವ ಪಕ್ಕದಲ್ಲಿರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಸರಕು ಸೇರಿ ಸುಮಾರು 36 ಟನ್ ತೂಗಬಹುದಾದ ಗಾಡಿಯನ್ನು ಎಷ್ಟೋ ಚಾಲಕರು ಒಬ್ಬರೇ ಓಡಿಸುತ್ತಾರೆ, ಸೀಟಿನ ಹಿಂದಿನ ಮಂಚದಲ್ಲೇ ಮಲಗುತ್ತಾರೆ, ವಾರಗಟ್ಟಲೆ ಮನೆಯ ಮುಖ ನೋಡುವುದಿಲ್ಲ. ಆ ಒಂಟಿತನಕ್ಕೆ ಹಲವರು ಕಂಡುಕೊಂಡ ಪರಿಹಾರ ನಾಯಿ. ಲವ್ಸ್‌ನಂಥ ಟ್ರಕ್ ಸ್ಟಾಪ್‌ಗಳಲ್ಲಿ ನಾಯಿಗಳಿಗೆಂದೇ ಬೇಲಿ ಕಟ್ಟಿದ ಜಾಗ ಇರುವಷ್ಟು ಇದು ಅಲ್ಲಿ ಸಾಮಾನ್ಯ.

ನಾಯಿ ಬೇಕೆನಿಸಿದ ಕೂಡಲೇ ಹೆಚ್ಚಿನವರು ಕೇಳುವುದು, "ಯಾವ ತಳಿ ಒಳ್ಳೆಯದು?" ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ್ದು, "ನನ್ನ ದಿನ ಹೇಗೆ ಕಳೆಯುತ್ತದೆ?" ಎಂದು. ನಾವು ಬದುಕಬೇಕೆಂದುಕೊಂಡ ದಿನಕ್ಕಲ್ಲ, ನಿಜವಾಗಿ ಬದುಕುತ್ತಿರುವ ದಿನಕ್ಕೆ ಹೊಂದುವ ನಾಯಿಯನ್ನೇ ಆರಿಸಬೇಕು.

ಗಂಟೆಗಳ ಲೆಕ್ಕ

ಅಮೆರಿಕದ ಕಾನೂನಿನಂತೆ ಸರಕು ಲಾರಿಯ ಚಾಲಕ ಸತತ 10 ಗಂಟೆ ವಿರಾಮದ ನಂತರ, 14 ಗಂಟೆಗಳ ಅವಧಿಯೊಳಗೆ ಹೆಚ್ಚೆಂದರೆ 11 ಗಂಟೆ ಗಾಡಿ ಓಡಿಸಬಹುದು. 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕಡ್ಡಾಯ. ಅಂದರೆ ನಾಯಿಯೂ ದಿನದ ಬಹುಪಾಲು ಕ್ಯಾಬಿನ್‌ನಲ್ಲೇ ಬಿದ್ದಿರಬೇಕು. ಕುರಿ ಕಾಯಲು ಬೆಳೆಸಿದ ಬಾರ್ಡರ್ ಕಾಲಿ, ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ಹಸ್ಕಿ ನೋಡಲು ಎಷ್ಟೇ ಚೆಂದವಿರಲಿ, ಅವುಗಳ ಮೈಗೆ ಕೆಲಸ ಬೇಕು. ಸಿಗದಿದ್ದರೆ ಸೀಟು ಹರಿಯುತ್ತವೆ. ಅಚ್ಚರಿಯೆಂದರೆ, ಓಟಕ್ಕೆ ಹೆಸರಾದ ಗ್ರೇಹೌಂಡ್ ಸ್ಪರ್ಧೆಯಿಂದ ನಿವೃತ್ತಿಯಾದ ಮೇಲೆ ದಿನವಿಡೀ ಮಲಗಿರಬಲ್ಲದು. ನಿಂತಲ್ಲಿ ಒಳ್ಳೆಯ ನಡಿಗೆ ಸಿಕ್ಕರೆ ಅದಕ್ಕೆ ಸಾಕು.

ಮೈಕಟ್ಟು ಮತ್ತು ಸ್ವಭಾವ

ಕ್ಯಾಬಿನ್ ನೆಲದಿಂದ ಬಹಳ ಎತ್ತರದಲ್ಲಿರುತ್ತದೆ. ಬೆನ್ನುಮೂಳೆಯ ತೊಂದರೆಗೆ ಸುಲಭವಾಗಿ ಗುರಿಯಾಗುವ ಡ್ಯಾಶ್‌ಹುಂಡ್, ಸೊಂಟದ ಕೀಲು ಸವೆಯುವ ಜರ್ಮನ್ ಶೆಪರ್ಡ್ ದಿನವೂ ಹತ್ತಿಳಿದರೆ ನೋವು ಬರುವ ಸಾಧ್ಯತೆ ಹೆಚ್ಚು. ಚಿಕ್ಕದಾದರೆ ಎತ್ತಿ ಇಳಿಸಬಹುದು. ದೊಡ್ಡದಾದರೆ ಇಳಿಜಾರು ಹಲಗೆ ಇಟ್ಟುಕೊಳ್ಳಬೇಕು. ಮೊಂಡು ಮೂಗಿನ ಪಗ್, ಬುಲ್‌ಡಾಗ್‌ಗಳಿಗೆ ಬಿಸಿಲು ತಡೆಯುವುದಿಲ್ಲ. ಹೊರಗೆ 29 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ 10 ನಿಮಿಷದಲ್ಲಿ ಸುಮಾರು 39, ಅರ್ಧ ಗಂಟೆಯಲ್ಲಿ 49 ಡಿಗ್ರಿ ಆಗುತ್ತದೆ. ಲಾರಿ ಕ್ಯಾಬಿನ್‌ಗೂ ಇದೇ ಅಪಾಯ. ಎಂಜಿನ್ ಚಾಲೂ ಇಟ್ಟು ಎ.ಸಿ. ಬಿಟ್ಟುಹೋಗೋಣವೆಂದರೆ, ಕ್ಯಾಲಿಫೋರ್ನಿಯಾದಲ್ಲಿ ನಿಂತ ಡೀಸೆಲ್ ಲಾರಿಯ ಎಂಜಿನ್ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಓಡಿಸುವಂತಿಲ್ಲ. ಎಂಜಿನ್ ಇಲ್ಲದೆ ನಡೆಯುವ ಎ.ಸಿ. ಇಲ್ಲದ ಗಾಡಿಯಲ್ಲಿ ಬೇಸಿಗೆಯಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಲೇಬಾರದು.

ತಳಿಗಿಂತ ಸ್ವಭಾವ ಮುಖ್ಯ. ಏರ್ ಬ್ರೇಕಿನ ಸದ್ದಿಗೆ ಬೆದರದ, ಗೋದಾಮಿನವರು ಬಾಗಿಲು ತಟ್ಟಿದರೆ ಮೈಮೇಲೆ ಬೀಳದ ನಾಯಿ ಬೇಕು. ಮರಿಯ ಸ್ವಭಾವ ಇನ್ನೂ ಗೊತ್ತಾಗಿರುವುದಿಲ್ಲ. ಗಂಟೆಗೋ ಎರಡು ಗಂಟೆಗೋ ಕೆಳಗಿಳಿಸಲೂಬೇಕು. ಆಶ್ರಯತಾಣದಲ್ಲಿರುವ ಎರಡು ಮೂರು ವರ್ಷದ ನಾಯಿಯನ್ನು ಕೆಲವು ದಿನ ಜೊತೆಗಿಟ್ಟುಕೊಂಡು, ಒಂದು ಸಣ್ಣ ಟ್ರಿಪ್ ಕರೆದೊಯ್ದು ನೋಡಿ ಆರಿಸುವುದು ಜಾಣತನ.

ಕಾಗದ ಪತ್ರ

ಕಂಪನಿಯ ಗಾಡಿಯಾದರೆ ನಿಯಮವನ್ನು ಮೊದಲೇ ಕೇಳಿ. ಠೇವಣಿ, ತೂಕದ ಮಿತಿ, ಒಂದೇ ಪ್ರಾಣಿ ಎಂಬ ಷರತ್ತುಗಳು ಸಾಮಾನ್ಯ. ಕೆನಡಾಕ್ಕೆ ಹೋಗುವುದಾದರೆ ರೇಬಿಸ್ ಲಸಿಕೆಯ ಪ್ರಮಾಣಪತ್ರ ಇಟ್ಟುಕೊಂಡಿರಬೇಕು. 2024ರ ಆಗಸ್ಟ್‌ನಿಂದ ಅಮೆರಿಕದೊಳಕ್ಕೆ ಬರುವ ನಾಯಿಗೆ ಆರು ತಿಂಗಳಾದರೂ ತುಂಬಿರಬೇಕು, ಮೈಕ್ರೋಚಿಪ್ ಇರಬೇಕು.

ಬದಲಾಗಬೇಕಾದವರು ಯಾರು?

1960ರಲ್ಲಿ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಚಾರ್ಲಿ ಎಂಬ ಪೂಡಲ್ ಜೊತೆ ಅಮೆರಿಕ ಸುತ್ತಿ, 1962ರಲ್ಲಿ ಆ ಪ್ರವಾಸದ ಪುಸ್ತಕ ಪ್ರಕಟಿಸಿದರು. ಅಪರಿಚಿತರೊಡನೆ ಮಾತು ಶುರುವಾಗಲು ಚಾರ್ಲಿ ನೆಪವಾಗುತ್ತಿತ್ತು. ಹಾಗೆಯೇ, ದಾರಿಯಲ್ಲಿ ಅದಕ್ಕೆ ಕಾಯಿಲೆಯಾದಾಗ ಸ್ಟೈನ್‌ಬೆಕ್ ವೈದ್ಯರನ್ನು ಹುಡುಕಬೇಕಾಯಿತು. ಜೊತೆ ಎಂದರೆ ಈ ಎರಡೂ ಸೇರಿಯೇ.

ನಾಯಿ ಬಂದರೆ ಚಾಲಕನ ಅಭ್ಯಾಸಗಳು ತಾವಾಗಿ ಸುಧಾರಿಸುತ್ತವೆ ಎಂಬ ಮಾತಿದೆ. ಅದು ಅರ್ಧ ನಿಜ. ಇಳಿದು ನಡೆಯಲು ನಾಯಿ ಒತ್ತಾಯಿಸುತ್ತದೆ, ಹೌದು. ಆದರೆ ಸೋಮಾರಿಯ ಸೋಮಾರಿತನವನ್ನು ಅದು ಕಳೆಯಲಾರದು, ಸಹಿಸಿಕೊಂಡು ನರಳುತ್ತದೆ ಅಷ್ಟೆ. ಆದ್ದರಿಂದ ಅಭ್ಯಾಸ ಮೊದಲು, ನಾಯಿ ಆಮೇಲೆ. ಒಂದು ತಿಂಗಳು ನಾಯಿ ಇದೆಯೆಂದೇ ಭಾವಿಸಿ ಗಾಡಿ ಓಡಿಸಿ. ಪ್ರತಿ ನಿಲುಗಡೆಯಲ್ಲೂ ಇಳಿದು ಕಾಲು ಗಂಟೆ ನಡೆಯಿರಿ, ಮಳೆಯಿರಲಿ, ಚಳಿಯಿರಲಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಬೆರೆತ ತಿನಿಸು, ಸಕ್ಕರೆರಹಿತ ಚೂಯಿಂಗ್ ಗಮ್ ಎಲ್ಲೆಂದರಲ್ಲಿ ಬಿಡಬೇಡಿ. ಇವೆಲ್ಲ ನಾಯಿಗೆ ವಿಷವಾಗಬಹುದು. ನಿಮ್ಮ ಮಾರ್ಗದ ಪಶುವೈದ್ಯರ ಪಟ್ಟಿ ಮಾಡಿಕೊಳ್ಳಿ, ಚಿಕಿತ್ಸೆಗೆಂದು ಒಂದಿಷ್ಟು ಹಣ ತೆಗೆದಿಡಿ.

ಈ ತಿಂಗಳು ಸರಾಗವಾಗಿ ಕಳೆದರೆ ಧೈರ್ಯವಾಗಿ ನಾಯಿ ತನ್ನಿ. ವಾರಕ್ಕೇ ಬೇಸರ ಬಂದರೆ ಬೇಡ ಎನ್ನಿ. ಅದರಲ್ಲಿ ಅವಮಾನವೇನೂ ಇಲ್ಲ. ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಅಷ್ಟೂ ಕಾಲ ನೀವು ನಿಲ್ಲಿಸಿದಾಗಷ್ಟೇ ಅದು ಕೆಳಗಿಳಿಯಬಲ್ಲದು. ಆ ಹೊಣೆ ಹೊರಬಲ್ಲಿರಾದರೆ ಮಾತ್ರ ಬಾಗಿಲು ತೆರೆಯಿರಿ.